ಉತ್ತರದ ಹತ್ತಿರ ಗೆರೆ ಹಾರುವುದೇಕೆ?

ಕಪ್ಪತಗುಡ್ಡದ ಸಾಲಿನಲ್ಲೂ ಅದರ ಮಗ್ಗುಲಿನ ಎರೆಹೊಲಗಳಲ್ಲೂ ಗಾಳಿಯಂತ್ರಗಳು ನಿಂತಿವೆ. ಮುಳಗುಂದ, ಶಿರಹಟ್ಟಿ, ಮುಂಡರಗಿ, ಗದಗ, ಈ ಸುತ್ತಿನಲ್ಲಿ ಎತ್ತ ಹೊರಟರೂ ಒಂದಿಲ್ಲೊಂದು ಸಾಲು ಕಣ್ಣಿಗೆ ಬೀಳುತ್ತದೆ. ಊರವರ ಬಾಯಲ್ಲಿ ಅವು ಬರೀ ‘ಫ್ಯಾನು’. ಅವುಗಳ ನಾಡಿ ಹಿಡಿದು ಕೂತವರು ಕಂಟ್ರೋಲ್ ರೂಮಿನಲ್ಲಿರುತ್ತಾರೆ. ಗಾಳಿಯ ವೇಗ, ವಿದ್ಯುತ್ ಉತ್ಪಾದನೆ, ಗೇರ್‌ಬಾಕ್ಸಿನ ಬಿಸಿ, ರೆಕ್ಕೆಯ ಓರೆ, ಗಾಳಿಯ ದಿಕ್ಕು ಎಲ್ಲವೂ ಸ್ಕಾಡಾ ಎಂಬ ವ್ಯವಸ್ಥೆಯ ಮೂಲಕ ಅವರ ಪರದೆಗೆ ಬಂದು, ಎಡದಿಂದ ಬಲಕ್ಕೆ ಹರಿಯುವ ಗೆರೆಗಳಾಗುತ್ತವೆ. ಈ ಪಟಕ್ಕೆ ಕಾರ್ಖಾನೆಯ ಜನ ಟ್ರೆಂಡ್ ಎನ್ನುತ್ತಾರೆ.

ಮಿಕ್ಕ ಗೆರೆಗಳು ಹೆಚ್ಚುಕಡಿಮೆ ಹೇಳಿದಂತೆ ಕೇಳುತ್ತವೆ. ಗೇರ್‌ಬಾಕ್ಸಿನ ಎಣ್ಣೆ 50 ಡಿಗ್ರಿಯಿಂದ 60ಕ್ಕೆ ಹೋಗಬೇಕಾದರೆ 55ನ್ನು ದಾಟಿಯೇ ಹೋಗಬೇಕು. ದಿಕ್ಕಿನ ಗೆರೆಗೆ ಆ ಕಟ್ಟುಪಾಡಿಲ್ಲ. ಬಡಗಣ ಗಾಳಿ ಬೀಸುವ ರಾತ್ರಿ ಅದು ಪರದೆಯ ತಳದಿಂದ ತುದಿಗೆ, ತುದಿಯಿಂದ ತಳಕ್ಕೆ ಜಿಗಿದಾಡುತ್ತದೆ. ಒಂದು ಗಂಟೆಯ ಪಟವನ್ನು ಒಂದು ವಾರಕ್ಕೆ ಹಿಗ್ಗಿಸಿ ನೋಡಿದರೆ ಆ ಜಿಗಿತಗಳೆಲ್ಲ ಒತ್ತೊತ್ತಾಗಿ ಕೂಡಿ, ಬಣ್ಣ ಬಳಿದ ಗೋಡೆಯಂತೆ ಕಾಣುತ್ತವೆ. ಹೊಸದಾಗಿ ಪಾಳಿಗೆ ಬಂದವರು ಸೆನ್ಸರ್ ಕೆಟ್ಟಿದೆ ಎಂದು ಬರೆದಿಟ್ಟರೆ ಅದು ಅವರ ತಪ್ಪಲ್ಲ. ಹೊರಗೆ ಗಾಳಿ ಮಾತ್ರ ಉತ್ತರದಿಂದ ತಣ್ಣಗೆ ಬೀಸುತ್ತಿರುತ್ತದೆ. ಅದು ಆಚೀಚೆ ವಾಲುತ್ತಿರುವುದು ನಾಲ್ಕೆಂಟು ಡಿಗ್ರಿ, ಅಷ್ಟೇ.

ಕಾರಣವನ್ನು ಶಾಲೆಯ ಕೋನಮಾಪಕ ಹಿಡಿದವರೆಲ್ಲ ಊಹಿಸಬಹುದು. ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುತ್ತಾರೆ: ಪೂರ್ವ 90, ದಕ್ಷಿಣ 180, ಪಶ್ಚಿಮ 270. ಗಾಳಿ ಎಲ್ಲಿಂದ ಬರುತ್ತದೋ ಅದೇ ಅದರ ದಿಕ್ಕು. ಸುತ್ತಿ ಮತ್ತೆ ಉತ್ತರಕ್ಕೆ ಬರುವ ಹೊತ್ತಿಗೆ 359 ಆಗಿ, ಮುಂದಿನ ಹೆಜ್ಜೆಗೆ ಸೊನ್ನೆ. ಗಾಳಿಗೆ 359 ಮತ್ತು 1 ಅಕ್ಕಪಕ್ಕದ ಮನೆಗಳು. ಟ್ರೆಂಡಿನ ಉದ್ದಕೋಲಿನ ಮೇಲೆ ಅವು ಊರಿನ ಎರಡು ತುದಿ. ಎರಡು ಅಂಕಿ ಸಿಕ್ಕೊಡನೆ ನಡುವೆ ಗೆರೆ ಎಳೆಯುವುದು ತಂತ್ರಾಂಶದ ಚಾಳಿ. ಆ ಗೆರೆ ‘ಗಾಳಿ ವಾಯವ್ಯ, ಪಶ್ಚಿಮ, ದಕ್ಷಿಣ, ಪೂರ್ವ ಎಲ್ಲವನ್ನೂ ಹಾದು ಬಂತು’ ಎಂದು ಹೇಳುತ್ತಿದೆ. ಯಾವ ಸೆನ್ಸರೂ ಅದನ್ನು ಹೇಳಿಲ್ಲ.

ವಿಮಾನ ನಿಲ್ದಾಣಗಳ ಹವಾ ವರದಿಯವರು ಈ ಸೊನ್ನೆಯ ವಿಷಯದಲ್ಲಿ ಒಂದು ಅಚ್ಚುಕಟ್ಟಾದ ನಿಯಮ ಮಾಡಿಕೊಂಡಿದ್ದಾರೆ. ಅವರ ಸಂಕೇತದಲ್ಲಿ ಉತ್ತರದ ಗಾಳಿಗೆ 360 ಎಂದೇ ಬರೆಯಬೇಕು. ಮೂರು ಸೊನ್ನೆ ಬರೆದರೆ ಗಾಳಿಯೇ ಇಲ್ಲ ಎಂದರ್ಥ. ಹುಬ್ಬಳ್ಳಿಯಲ್ಲಿ ಇಳಿಯುವ ಪೈಲಟ್‌ಗೆ ಗೊಂದಲವಿಲ್ಲ. ಆದರೆ ಗೆರೆ ಎಳೆಯುವ ತಂತ್ರಾಂಶಕ್ಕೆ ಇದರಿಂದ ಏನೂ ಉಪಯೋಗವಾಗದು. 360 ಆದಮೇಲೆ 10 ಬಂದರೆ ಅದು ಹಾರಲೇಬೇಕು.

ಹಾರುವ ಗೆರೆ ಕಣ್ಣಿಗೆ ಕಿರಿಕಿರಿ ಮಾತ್ರ ಆಗಿದ್ದರೆ ಒಂದು ಅಧ್ಯಾಯ ಬರೆಯುವ ಅಗತ್ಯವಿರಲಿಲ್ಲ. ಅದೇ ತಪ್ಪು ಲೆಕ್ಕದೊಳಗೂ ನುಸುಳುತ್ತದೆ. ಆರು ಅಳತೆಗಳನ್ನು ತೆಗೆದುಕೊಳ್ಳಿ: 352, 356, 2, 358, 5, 7. ಕಣ್ಣಿಗೇ ಗೊತ್ತಾಗುತ್ತದೆ, ಗಾಳಿ ಉತ್ತರದಿಂದ ಬರುತ್ತಿದೆ. ಈಗ ಕೂಡಿ ಭಾಗಿಸಿ. ಮೊತ್ತ 1080, ಆರರಿಂದ ಭಾಗಿಸಿದರೆ 180. ಸರಾಸರಿ ಗಾಳಿ ದಕ್ಷಿಣದಿಂದ! ಗಾಳಿಯಂತ್ರಗಳ ಉದ್ಯಮದಲ್ಲಿ ಹತ್ತು ನಿಮಿಷದ ಸರಾಸರಿಯನ್ನು ಉಳಿಸಿಡುವುದು ವಾಡಿಕೆ. ಕ್ಷಣಕ್ಷಣದ ಅಳತೆಯನ್ನು ಬಹುಪಾಲು ಎಸೆದುಬಿಡುತ್ತಾರೆ. ಸರಾಸರಿ ತೆಗೆಯುವ ಪುಟ್ಟ ಯಂತ್ರಕ್ಕೆ ವೃತ್ತದ ಲೆಕ್ಕ ಹೇಳಿಕೊಡದಿದ್ದರೆ, ಆ 180 ಕಡತದಲ್ಲಿ ಶಾಶ್ವತವಾಗಿ ಕೂರುತ್ತದೆ. ಪರದೆಯನ್ನು ಎಷ್ಟು ಚೆಂದ ಮಾಡಿದರೂ ಮೇಲೆ ಬರುವುದು ಅದೇ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಪ್ರತಿ ಅಳತೆಯನ್ನೂ ಒಂದೇ ಉದ್ದದ ಬಾಣ ಎಂದುಕೊಂಡು, ಅದು ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಸೈನ್-ಕೊಸೈನ್‌ಗಳಿಂದ ಬಿಡಿಸಿ, ಎರಡನ್ನೂ ಬೇರೆಬೇರೆ ಕೂಡಿ, ಕೊನೆಗೆ ಮತ್ತೆ ಕೋನ ಮಾಡಿಕೊಳ್ಳುವುದು. ಮೇಲಿನ ಆರು ಬಾಣಗಳನ್ನು ಹೀಗೆ ಕೂಡಿದರೆ ಉತ್ತರ ದಿಕ್ಕೇ ಬರುತ್ತದೆ. ಈ ಲೆಕ್ಕದಲ್ಲಿ ಒಂದು ಲಾಭವೂ ಉಂಟು. ಗಾಳಿ ನಾಲ್ಕೂ ಕಡೆಯಿಂದ ಹುಯ್ದಾಡುತ್ತಿದ್ದರೆ ಬಾಣಗಳು ಒಂದನ್ನೊಂದು ಹೊಡೆದುಹಾಕಿ, ಮೊತ್ತದ ಬಾಣ ಗಿಡ್ಡವಾಗುತ್ತದೆ. ‘ನನ್ನ ಸರಾಸರಿಯನ್ನು ಹೆಚ್ಚು ನಂಬಬೇಡಿ’ ಎಂದು ಸರಾಸರಿಯೇ ಹೇಳಿದಂತೆ. ಗಾಳಿ ಎಷ್ಟು ಅಲೆದಾಡುತ್ತಿದೆ ಎಂಬುದನ್ನು ಇದೇ ಎರಡು ಮೊತ್ತಗಳಿಂದ, ಹಳೆಯ ಅಳತೆಗಳನ್ನು ನೆನಪಿಟ್ಟುಕೊಳ್ಳದೆ ಒಂದೇ ಓಟದಲ್ಲಿ ಲೆಕ್ಕ ಹಾಕುವ ಸೂತ್ರವನ್ನು ಯಮಾರ್ಟಿನೊ ಎಂಬವರು 1984ರಲ್ಲಿ ಕೊಟ್ಟರು. ನೆನಪಿನ ಶಕ್ತಿ ಅಷ್ಟಕ್ಕಷ್ಟೇ ಇದ್ದ ಅಂದಿನ ಡೇಟಾ ಲಾಗರ್‌ಗಳಿಗೆ ಅದು ವರವಾಯಿತು.

ದಾಸ್ತಾನಿನಲ್ಲೂ ಒಂದು ಬಲೆ ಇದೆ. ವರ್ಷಗಟ್ಟಲೆ ಅಂಕಿಗಳನ್ನು ಕೂಡಿಡುವ ಡೇಟಾಬೇಸ್‌ಗಳು ಜಾಗ ಉಳಿಸಲು, ಹೆಚ್ಚು ಬದಲಾಗದ ಅಳತೆಗಳನ್ನು ಬಿಟ್ಟುಬಿಡುತ್ತವೆ. ಕೇಳಿದಾಗ ಅಕ್ಕಪಕ್ಕದ ಎರಡು ಅಂಕಿಗಳ ನಡುವೆ ನೇರ ಗೆರೆ ಹಿಡಿದು ಉತ್ತರ ಹೇಳುತ್ತವೆ. 2 ಗಂಟೆ 10 ನಿಮಿಷಕ್ಕೆ 358, 2 ಗಂಟೆ 20 ನಿಮಿಷಕ್ಕೆ 2 ಎಂದು ಬರೆದಿದ್ದರೆ, ಎರಡೂಕಾಲು ಗಂಟೆಗೆ ಎಷ್ಟಿತ್ತು ಎಂದು ಕೇಳಿ ನೋಡಿ. 180 ಎನ್ನುತ್ತದೆ, ಯಾವ ಅಳುಕೂ ಇಲ್ಲದೆ.

ಈಗ ಪರದೆಯಿಂದ ಇಳಿದು ಸೆನ್ಸರ್ ಹತ್ತಿರ ಹೋಗೋಣ. ಗಾಳಿ ಅಳೆಯುವ ಕಂಬಗಳ ಮೇಲೆ ಕೂರುವ ಹಲವು ದಿಕ್ಕುಸೂಚಿಗಳ ಒಳಗೆ ಇರುವುದು ಬಳೆಯಾಕಾರದ ಒಂದು ವಿದ್ಯುತ್ ರೋಧಕ. ಬಾಲ ತಿರುಗಿದಂತೆ ಒಂದು ಪುಟ್ಟ ಲೋಹದ ನಾಲಗೆ ಆ ಬಳೆಯ ಮೇಲೆ ಜಾರುತ್ತದೆ. ನಾಲಗೆ ಎಲ್ಲಿದೆಯೋ ಅದಕ್ಕೆ ತಕ್ಕ ವೋಲ್ಟೇಜ್. ಬಳೆಯ ಎರಡು ತುದಿಗಳು ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುವುದರಿಂದ ನಡುವೆ ಕೆಲವು ಡಿಗ್ರಿಗಳ ಸಂದು ಬಿಟ್ಟಿರುತ್ತಾರೆ. ಗಾಳಿ ಆ ಸಂದಿನ ಕಡೆಯಿಂದ ಬಂದರೆ ನಾಲಗೆ ಅಂತರದಲ್ಲಿ ನಿಂತು, ಸಿಗುವ ಅಂಕಿಗೆ ಅರ್ಥವಿರುವುದಿಲ್ಲ. ಹಾಗಾಗಿ ಕಂಬ ಹತ್ತುವವರು ಮೊದಲು ನೋಡುವುದು, ಸಂದು ಯಾವ ಕಡೆ ಮುಖ ಮಾಡಿದೆ ಎಂದು. ಗಾಳಿ ಅಪರೂಪಕ್ಕೆ ಬರುವ ಕಡೆ ಅದನ್ನು ತಿರುಗಿಸಿ ಬಿಗಿಯುತ್ತಾರೆ. ವೃತ್ತವನ್ನು ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನ ಇಲ್ಲಿ ಸ್ಪ್ಯಾನರ್ ಹಿಡಿದವರ ಕೈಯಲ್ಲಿದೆ.

ಇಂಥ ಕಂಬಗಳ ಕತೆಯಲ್ಲಿ ಬೆಂಗಳೂರಿಗೂ ಪಾಲಿದೆ. ಹವಾಮಾನ ಇಲಾಖೆಯಿಂದ 1976ರಲ್ಲಿ ನಿವೃತ್ತರಾದ ಅನ್ನಾ ಮಣಿ (1918-2001) ಆಮೇಲೆ ಬೆಂಗಳೂರಿನಲ್ಲಿ ಕುಳಿತು ದೇಶದ ಗಾಳಿಶಕ್ತಿಯ ಸಮೀಕ್ಷೆಯನ್ನು ಮುನ್ನಡೆಸಿದರು. ಗಾಳಿಯ ವೇಗ ಮತ್ತು ಬಿಸಿಲು ಅಳೆಯುವ ಉಪಕರಣಗಳನ್ನು ಮಾಡುವ ಸಣ್ಣ ಕಾರ್ಖಾನೆಯನ್ನೂ ಅಲ್ಲೇ ನಡೆಸಿದರು. ಎಲ್ಲಿ ಯಂತ್ರ ನಿಲ್ಲಿಸಿದರೆ ಗಿಟ್ಟುತ್ತದೆ ಎಂದು ನಂತರದವರು ನಿರ್ಧರಿಸಿದ್ದರ ಹಿಂದೆ ಆ ಅಂಕಿಗಳಿವೆ.

ಸಂದಿಲ್ಲದ ಸೆನ್ಸರುಗಳೂ ಇವೆ. ಅವುಗಳಲ್ಲಿ ಒಂದು ಬಿಲ್ಲೆ ತಿರುಗುತ್ತದೆ. ಬಿಲ್ಲೆಯ ಮೇಲಿನ ಕಪ್ಪು-ಬಿಳಿ ಪಟ್ಟಿಗಳನ್ನು ಬೆಳಕಿನಿಂದ ಓದಿ ಕೋನ ತಿಳಿಯುತ್ತಾರೆ. ಸಾಮಾನ್ಯ ದ್ವಿಮಾನ ಎಣಿಕೆಯಲ್ಲಿ 255ರಿಂದ ಸೊನ್ನೆಗೆ ಬರುವಾಗ ಎಂಟೂ ಪಟ್ಟಿಗಳು ಒಟ್ಟಿಗೆ ಬದಲಾಗಬೇಕು. ಒಂದು ಕೂದಲೆಳೆ ತಡವಾದರೂ ಓದಿದ ಅಂಕಿ ಎಲ್ಲಿಗೋ ಹೋಗುತ್ತದೆ. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಪೇಟೆಂಟ್ ಪಡೆದ (1953) ಸಂಕೇತದಲ್ಲಿ ಯಾವ ಹೆಜ್ಜೆಗೂ ಒಂದೇ ಒಂದು ಪಟ್ಟಿ ಬದಲಾಗುತ್ತದೆ, ಕೊನೆಯ ಅಂಕಿಯಿಂದ ಮೊದಲಿಗೆ ಮರಳುವಾಗಲೂ. ಅಂದರೆ ವೃತ್ತ ವೃತ್ತವಾಗಿಯೇ ಉಳಿಯುವಂತೆ ಸೆನ್ಸರ್ ಮಾಡಿದವರು ತಲೆ ಕೆಡಿಸಿಕೊಂಡಿದ್ದಾರೆ. ಅಷ್ಟು ಜತನದಿಂದ ಬಂದ ಅಂಕಿ ಪರದೆಯ ಮೇಲೆ ಎರಡು ತುಂಡಾಗುತ್ತದೆ.

ಕಂಪ್ಯೂಟರ್ ಬರುವ ಮೊದಲು, ಸುರುಳಿ ಕಾಗದದ ಮೇಲೆ ಪೆನ್ನು ಗೀರುತ್ತಿದ್ದ ಕಾಲದಲ್ಲಿ, ಈ ಕಾಯಿಲೆ ಇನ್ನೂ ಜೋರಾಗಿತ್ತು. ಉತ್ತರದ ಗಾಳಿಗೆ ಪೆನ್ನು ಕಾಗದದ ಆ ಅಂಚಿಗೂ ಈ ಅಂಚಿಗೂ ಬಡಿದುಕೊಂಡು ಶಾಯಿ ಚೆಲ್ಲಿ, ಕಾಗದ ಹರಿದು ರಾಡಿಯಾಗುತ್ತಿತ್ತು. ಆಗಿನವರು ಕಂಡುಕೊಂಡ ಉಪಾಯ ನನಗೆ ಇಂದಿಗೂ ಅತ್ಯಂತ ಜಾಣತನದ್ದು ಅನಿಸುತ್ತದೆ. ಕಾಗದದ ಅಗಲವನ್ನು 360 ಡಿಗ್ರಿಗೆ ನಿಲ್ಲಿಸದೆ 540ಕ್ಕೆ, ಅಂದರೆ ಒಂದೂವರೆ ಸುತ್ತಿಗೆ, ಹಿಗ್ಗಿಸಿದರು. ಪೂರ್ವದ ಗಾಳಿಯನ್ನು 90ರಲ್ಲೂ ಬರೆಯಬಹುದು, 450ರಲ್ಲೂ ಬರೆಯಬಹುದು. ಗಾಳಿ 350ರಿಂದ 10ಕ್ಕೆ ಹೋದರೆ ಪೆನ್ನು ಸುಮ್ಮನೆ 370ಕ್ಕೆ ಸರಿಯುತ್ತದೆ. 540ನ್ನೂ ಮೀರಿದರೆ ಮಾತ್ರ ಪೆನ್ನು 180ಕ್ಕೆ ಹಾರುತ್ತದೆ, ಸೊನ್ನೆಗಿಂತ ಕೆಳಗಿಳಿದರೆ 360ಕ್ಕೆ. ಹಾರಿದ ಮೇಲೆ ಅದು ನಿಲ್ಲುವುದು ಅಂಚಿನಿಂದ ಅರ್ಧ ಸುತ್ತು ದೂರದಲ್ಲಿ. ಮತ್ತೆ ಹಾರಬೇಕಾದರೆ ಗಾಳಿಯೇ ಕನಿಷ್ಠ ಇನ್ನರ್ಧ ಸುತ್ತು ತಿರುಗಬೇಕು. ಅಂಚಿನಲ್ಲಿ ತಡಬಡಿಸುವ ಪ್ರಶ್ನೆಯೇ ಇಲ್ಲ. ಇಂದಿನ ಟ್ರೆಂಡ್ ತಂತ್ರಾಂಶಕ್ಕೆ ಇದು ಹತ್ತು ಸಾಲಿನ ಕೆಲಸ, ಮಾಡಿದವರು ಕಡಿಮೆ.

ಒಂದೂವರೆ ಸುತ್ತೇ ಏಕೆ, ಎಷ್ಟು ಸುತ್ತಾದರೂ ಬಿಡದೆ ಎಣಿಸುತ್ತ ಹೋದರೆ? ಗಣಿತದವರು ಮೊದಲು ಹೇಳುವುದು ಇದನ್ನೇ. ಹೊಸ ಅಳತೆ ಹಿಂದಿನದಕ್ಕಿಂತ 180ಕ್ಕೂ ಹೆಚ್ಚು ಕೆಳಗಿದ್ದರೆ 360 ಕೂಡು, 180ಕ್ಕೂ ಹೆಚ್ಚು ಮೇಲಿದ್ದರೆ 360 ಕಳೆ. 352, 356, 362, 358, 365, 367 ಎಂದು ಗೆರೆ ನುಣ್ಣಗೆ ಹರಿಯುತ್ತದೆ.

ಮುಳಗುಂದದ ಮಟ್ಟಿಗೆ ಸುತ್ತು ಎಣಿಸುವ ಈ ಲೆಕ್ಕ ಹೊಸತಲ್ಲ. ಕವಿ ನಯಸೇನನ ಊರಾದ ಈ ಮುಳಗುಂದದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದ ಒಂದು ಜೈನ ಶಾಸನವಿದೆ. ಅದರ ಕಾಲ ಶಕ ವರ್ಷ 824, ದುಂದುಭಿ ಸಂವತ್ಸರ, ಅಂದರೆ ಕ್ರಿ.ಶ. 902ರ ಆಸುಪಾಸು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವ ಅಂಕಿ. ದುಂದುಭಿ 1982ರಲ್ಲೂ ಬಂದಿತ್ತು, ನಡುವೆ ಹದಿನೆಂಟು ಸುತ್ತು. ಶಕ ವರ್ಷ ಮಾತ್ರ ಮರಳದೆ ಏರುತ್ತಲೇ ಹೋಗುತ್ತದೆ. ಶಾಸನ ಕೆತ್ತಿಸಿದವರು ಎರಡನ್ನೂ ಬರೆಸಿದರು, ಸುತ್ತಿನೊಳಗಿನ ಜಾಗವನ್ನೂ, ಎಷ್ಟನೆಯ ಸುತ್ತು ಎಂಬುದನ್ನೂ. ಒಂದು ತಪ್ಪಿದ್ದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ.

ಗಾಳಿಯ ದಿಕ್ಕಿಗೆ ಹೀಗೆ ಸುತ್ತು ಎಣಿಸಬಹುದೇ? ಎಣಿಸಬಹುದು, ಆದರೆ ಎಣಿಸಬಾರದು ಎಂಬುದು ನನ್ನ ವಾದ. ಸುತ್ತು ಬಿಡಿಸುವ ಸೂತ್ರ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಎರಡು ಅಳತೆಗಳ ನಡುವೆ ದಿಕ್ಕು ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯ ಮುಂಚೆ ಧೂಳೆಬ್ಬಿಸಿಕೊಂಡು ನುಗ್ಗುವ ಗಾಳಿಗೆ ಈ ಕರಾರು ಗೊತ್ತಿಲ್ಲ. ಗಾಳಿ ಬಿದ್ದ ಇರುಳಲ್ಲಂತೂ ದಿಕ್ಕುಸೂಚಿಯ ಬಾಲ ತನಗೆ ತೋಚಿದ ಕಡೆ ತೂಗಾಡುತ್ತದೆ. ಒಂದು ಸಲ ಲೆಕ್ಕ ತಪ್ಪಿತೆಂದರೆ ಆಮೇಲಿನ ಪ್ರತಿ ಅಂಕಿಯೂ 360ರಷ್ಟು ಆಚೆ. ತಿಂಗಳು ಕಳೆದ ಮೇಲೆ ಪರದೆಯ ಮೇಲೆ ಗಾಳಿಯ ದಿಕ್ಕು 2,430 ಡಿಗ್ರಿ ಎಂದಿರುತ್ತದೆ. ಅದು ಪಡುವಣ ಗಾಳಿ ಎಂದು ತಿಳಿಯಲು ಪಾಳಿಯವರು ಭಾಗಾಕಾರ ಮಾಡುತ್ತ ಕೂರಬೇಕು. ಗಾಳಿ ಈ ವರ್ಷ ಎಷ್ಟು ಸುತ್ತು ಹೊಡೆಯಿತು ಎಂಬುದು ಯಾರಿಗೂ ಬೇಕಿಲ್ಲದ ಮಾಹಿತಿ.

ಅದೇ ಯಂತ್ರದಲ್ಲಿ ಸುತ್ತಿನ ಎಣಿಕೆ ಜೀವಾಳವಾದ ಇನ್ನೊಂದು ಕೋನವಿದೆ. ಕಂಬದ ತಲೆಯ ಮೇಲೆ ಕೂತ ಪೆಟ್ಟಿಗೆಗೆ ನಾಸೆಲ್ ಎನ್ನುತ್ತಾರೆ. ಗಾಳಿ ತಿರುಗಿದತ್ತ ಅದು ಮೋಟರುಗಳ ಬಲದಿಂದ ನಿಧಾನವಾಗಿ, ಸೆಕೆಂಡಿಗೆ ಅರ್ಧ ಡಿಗ್ರಿಯಷ್ಟೋ ಅದಕ್ಕೂ ಕಡಿಮೆಯೋ, ತಿರುಗುತ್ತದೆ. ಅದರೊಳಗಿಂದ ವಿದ್ಯುತ್ ಕೇಬಲ್‌ಗಳು ಕಂಬದ ಒಳಗೆ ಜೋತುಬಿದ್ದು ಕೆಳಗಿಳಿಯುತ್ತವೆ. ನಾಸೆಲ್ ಒಂದೇ ಕಡೆಗೆ ಸುತ್ತುತ್ತ ಹೋದರೆ ಕೇಬಲ್‌ಗಳು ಹುರಿಗೊಳ್ಳುತ್ತವೆ. ಎರಡು ಮೂರು ಸುತ್ತು ತಡೆದುಕೊಳ್ಳುತ್ತವೆ. ತಯಾರಕರು ಇಟ್ಟ ಮಿತಿ ಮುಟ್ಟಿದೊಡನೆ ಯಂತ್ರ ತಾನಾಗಿ ನಿಂತು, ಹಿಮ್ಮುಖವಾಗಿ ಪೂರ್ತಿ ಸುತ್ತುಗಳನ್ನು ಹಾಕಿ ಹುರಿ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಗಾಳಿಯಿದ್ದರೂ ಒಂದು ಫ್ಯಾನು ನಿಂತು, ಮುಖವನ್ನು ಮೆಲ್ಲಗೆ ಸುತ್ತಲೂ ತಿರುಗಿಸುತ್ತಿದ್ದುದನ್ನು ಹೊಲದಲ್ಲಿದ್ದವರು ನೋಡಿದ್ದರೆ, ಅದು ಇದೇ. ಇಲ್ಲಿ 10 ಡಿಗ್ರಿಗೂ 730 ಡಿಗ್ರಿಗೂ ಮುಖ ಒಂದೇ ದಿಕ್ಕಿಗೆ, ಆದರೆ ಕೇಬಲ್ಲಿನ ಮೇಲಿನ ಬಿಗಿ ಬೇರೆ. ಹಾಗಾಗಿ ಯಂತ್ರ ಎರಡು ಖಾತೆ ಇಡುತ್ತದೆ: ದಿಕ್ಕಿಗೆ 0ಯಿಂದ 360, ಹುರಿಗೆ ಎಡಬಲದ ಸುತ್ತುಗಳೆಲ್ಲ ಸೇರಿದ ಇನ್ನೊಂದು ಅಂಕಿ. ಎರಡನ್ನೂ ಒಂದೇ ಬಗೆಯ ಟ್ರೆಂಡಿನಲ್ಲಿ ತೋರಿಸುವುದು ತಪ್ಪು. ಹುರಿಯ ಗೆರೆಯನ್ನು ಮರಳಿಸಬಾರದು, ದಿಕ್ಕಿನ ಗೆರೆಯನ್ನು ಬೆಳೆಯಲು ಬಿಡಬಾರದು.

ದಿಕ್ಕಿನ ಗೆರೆಗೆ ಅತಿ ಅಗ್ಗದ ಮದ್ದು, ಗೆರೆಯನ್ನೇ ಎಳೆಯದಿರುವುದು. ಬರೀ ಚುಕ್ಕೆ ಇಡಿ. ಉತ್ತರದ ಗಾಳಿಗೆ ಚುಕ್ಕೆಗಳು ಮೇಲಂಚಿನಲ್ಲೂ ಕೆಳಂಚಿನಲ್ಲೂ ಗುಂಪುಗೂಡುತ್ತವೆ, ನಡುವೆ ಖಾಲಿ. ಎರಡು ದಿನ ನೋಡಿದರೆ ಕಣ್ಣು ಒಗ್ಗಿಕೊಳ್ಳುತ್ತದೆ. ಗೆರೆಯೇ ಬೇಕೆಂದರೆ ಅರ್ಧ ಸುತ್ತಿಗಿಂತ ದೊಡ್ಡ ಜಿಗಿತ ಬಂದಾಗ ಗೆರೆ ಕಡಿಯಲಿ.

ಇನ್ನೊಂದು ಮದ್ದು, ಕತ್ತರಿಯ ಜಾಗ ಬದಲಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದಗ ಸೀಮೆಗೆ ಗಾಳಿ ಬರುವುದು ಪಶ್ಚಿಮ-ನೈಋತ್ಯದಿಂದ, ಸುಮಾರು 250ರ ಆಜುಬಾಜಿನಲ್ಲಿ. ಯಂತ್ರಗಳು ವರ್ಷದ ಗಳಿಕೆಯ ದೊಡ್ಡ ಪಾಲನ್ನು ಮಾಡಿಕೊಳ್ಳುವುದು ಆಗಲೇ. ಹಿಂಗಾರಿನ ಜೋಳ, ಕಡಲೆ ಹೊಲದಲ್ಲಿರುವ ತಿಂಗಳುಗಳಲ್ಲಿ ಮೂಡಗಾಳಿ, ಪೂರ್ವ, ಈಶಾನ್ಯದಿಂದ. ಎರಡೂ ಹೆಚ್ಚುಕಡಿಮೆ ಎದುರುಬದುರು. ಕತ್ತರಿ ಹಾಕಲು ಒಳ್ಳೆಯ ಜಾಗ ಇವೆರಡರ ನಡುವೆ: ಒಂದೋ 160ರ ಬಳಿ, ಇಲ್ಲವೇ 340ರ ಬಳಿ. ಮಾಮೂಲಿ ಟ್ರೆಂಡು ಕತ್ತರಿಸುವ ಸೊನ್ನೆ 340ರಿಂದ ಬಹಳ ದೂರವಿಲ್ಲ. ಹಾಗಾಗಿ ಮುಳಗುಂದದ ಸುತ್ತ ಮುಂಗಾರಿನುದ್ದಕ್ಕೂ ಈ ತೊಂದರೆ ತಲೆ ಎತ್ತುವುದೇ ಅಪರೂಪ. ಋತು ಬದಲಾಗುವಾಗ, ಹಿಂಗಾರಿನ ಇರುಳುಗಳಲ್ಲಿ ಕಾಡುತ್ತದೆ. ಮಂಗಳೂರಿನ ಕರಾವಳಿಯಲ್ಲಿ ಕತೆ ಬೇರೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅಲ್ಲಿ ಮಧ್ಯಾಹ್ನದ ಕಡಲಗಾಳಿ ಪಶ್ಚಿಮದಿಂದ ವಾಯವ್ಯಕ್ಕೆ ವಾಲಿ, ರಾತ್ರಿ ನೆಲಗಾಳಿಯಾಗಿ ಪೂರ್ವದ ಕಡೆಯಿಂದ ಬರುತ್ತದೆ. ದಾರಿ ಉತ್ತರದ ಮೂಲಕ. ಅಲ್ಲಿ 0-360ರ ಪಟ ಇಟ್ಟುಕೊಂಡವರು ದಿನವೂ ಒಂದು ಜಿಗಿತ ನೋಡಬೇಕಾಗುತ್ತದೆ. ಅವರು ದಕ್ಷಿಣದಲ್ಲಿ ಕತ್ತರಿಸುವುದು ಮೇಲು.

ನಿಜಕ್ಕೂ ಪಾಳಿಯಲ್ಲಿ ಕೂತವರಿಗೆ ಬೇಕಾದ್ದೇನು ಎಂದು ಕೇಳಿದರೆ, ಬಹಳ ಸಲ ದಿಕ್ಕೇ ಬೇಕಿರುವುದಿಲ್ಲ. ನಾಸೆಲ್ ಗಾಳಿಗೆ ನೇರ ಮುಖ ಮಾಡಿದೆಯೇ, ಇಲ್ಲ ಎಷ್ಟು ಓರೆಯಾಗಿದೆ, ಅದು ಬೇಕು. ನಾಸೆಲ್ ಮೇಲೆ ಕೂತ ಸೂಚಿ ಅಳೆಯುವುದೂ ಅದನ್ನೇ. ಈ ವ್ಯತ್ಯಾಸವನ್ನು ಮೈನಸ್ 180ರಿಂದ ಪ್ಲಸ್ 180ರವರೆಗಿನ ಪಟದಲ್ಲಿ ಹಾಕಿದರೆ, ಆರೋಗ್ಯವಂತ ಯಂತ್ರದ ಗೆರೆ ಸೊನ್ನೆಯ ಅಕ್ಕಪಕ್ಕದಲ್ಲೇ ಇರುತ್ತದೆ. ಅಂಚು ಮುಟ್ಟಿತೆಂದರೆ ಯಂತ್ರ ಗಾಳಿಗೆ ಬೆನ್ನು ಹಾಕಿದೆ ಎಂದರ್ಥ. ಆಗ ಗೆರೆ ಹಾರಿದರೂ ಯಾರೂ ದೂರುವುದಿಲ್ಲ.

ವ್ಯತ್ಯಾಸವನ್ನು ನೋಡುವ ಇದೇ ದಾರಿಯನ್ನು ವಿದ್ಯುತ್ ಜಾಲದವರೂ ಹಿಡಿದಿದ್ದಾರೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಹೊಂದಿಕೊಂಡಿತು. ಬೇರೆಬೇರೆ ಊರುಗಳಲ್ಲಿ ವಿದ್ಯುತ್ ಅಲೆಯ ಕೋನವನ್ನು ಸೆಕೆಂಡಿಗೆ ಹಲವು ಸಲ ಅಳೆಯುವ ಉಪಕರಣಗಳು ಈಗ ಜಾಲದುದ್ದಕ್ಕೂ ಇವೆ. ಒಂದೇ ಊರಿನ ಕೋನವನ್ನು ನೇರವಾಗಿ ಪರದೆಗೆ ಹಾಕಿದರೆ ಗರಗಸದ ಹಲ್ಲು. ಜಾಲದ ಆವರ್ತನ 50ರ ಬದಲು 50.02 ಹರ್ಟ್ಸ್ ಇದ್ದರೆ ಸಾಕು, ಕೋನ ಸೆಕೆಂಡಿಗೆ 7.2 ಡಿಗ್ರಿಯಂತೆ ಜಾರಿ ಐವತ್ತೇ ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ಬೆಂಗಳೂರಿನಲ್ಲಿರುವ ದಕ್ಷಿಣ ವಲಯದ ನಿಯಂತ್ರಣ ಕೇಂದ್ರದಂಥ ಕಡೆ ಬೆಲೆಯಿರುವುದು ಎರಡು ಊರುಗಳ ಕೋನಗಳ ವ್ಯತ್ಯಾಸಕ್ಕೆ. ಕಳೆಯುವಾಗ ಮಾತ್ರ ಎಚ್ಚರ ಬೇಕು: 175ರಿಂದ ಮೈನಸ್ 178ನ್ನು ಕಳೆದರೆ 353 ಬರುತ್ತದೆ. ನಿಜವಾದ ಅಂತರ ಏಳೇ ಡಿಗ್ರಿ.

ಮತ್ತೆ ಕಪ್ಪತಗುಡ್ಡದ ಕಡೆಗೆ. ಒಂದು ಸಾಲಿನಲ್ಲಿ ಮೂವತ್ತು ನಲವತ್ತು ಯಂತ್ರಗಳಿದ್ದರೆ ಅಷ್ಟೂ ಚುಕ್ಕೆಪಟಗಳನ್ನು ಒಂದೇ ಪರದೆಯಲ್ಲಿ ನೋಡಲಾಗದು. ಅಲ್ಲಿ ಬಣ್ಣ ಕೆಲಸಕ್ಕೆ ಬರುತ್ತದೆ. ಪ್ರತಿ ಯಂತ್ರಕ್ಕೂ ಒಂದು ತೆಳು ಪಟ್ಟಿ, ಎಡದಿಂದ ಬಲಕ್ಕೆ ಕಾಲ. ದಿಕ್ಕಿಗೆ ತಕ್ಕಂತೆ ಬಣ್ಣ, ಕೆಂಪಿನಿಂದ ಹಳದಿ, ಹಸಿರು, ನೀಲಿ, ನೇರಳೆಯಾಗಿ ಮತ್ತೆ ಕೆಂಪಿಗೆ ಮರಳುವ ಚಕ್ರ. ಬಣ್ಣದ ಚಕ್ರಕ್ಕೂ ದಿಕ್ಕಿನ ಚಕ್ರಕ್ಕೂ ಕೊನೆಮೊದಲಿಲ್ಲವಾದ್ದರಿಂದ ಕತ್ತರಿಯೇ ಬೇಡ. 359 ಮತ್ತು 1 ಒಂದೇ ಕೆಂಪು. ಬಣ್ಣ ನೋಡಿ ಡಿಗ್ರಿ ಹೇಳಲಾಗದು ನಿಜ, ಕೆಂಪು-ಹಸಿರು ಗುರುತಿಸಲಾಗದ ಕಣ್ಣುಗಳಿಗೆ ಬೇರೆ ಬಣ್ಣಗಳ ಚಕ್ರ ಆರಿಸಬೇಕು. ಆದರೆ ಎಲ್ಲ ಪಟ್ಟಿಗಳೂ ನೀಲಿಯಾಗಿರುವಾಗ ಹನ್ನೊಂದನೆಯದು ಮಾತ್ರ ವಾರದಿಂದ ನೇರಳೆಯಾಗಿದ್ದರೆ, ಗಾಳಿ ಅಲ್ಲಿ ಬೇರೆಯಾಗಿ ಬೀಸುತ್ತಿಲ್ಲ. ಆ ಯಂತ್ರದ ತಲೆಯ ಮೇಲಿನ ಸೂಚಿಯ ಬೋಲ್ಟ್ ಸಡಿಲವಾಗಿರಬಹುದು, ಇಲ್ಲವೇ ರಿಪೇರಿಯ ನಂತರ ಉತ್ತರವನ್ನು ಸರಿಯಾಗಿ ಕೂರಿಸಿರಲಿಕ್ಕಿಲ್ಲ. ಸೇಫ್ಟಿ ಬೆಲ್ಟ್ ಕಟ್ಟಿಕೊಂಡು ಯಾರನ್ನು ಯಾವ ಕಂಬ ಹತ್ತಿಸಬೇಕು ಎಂಬುದು ಅಷ್ಟಕ್ಕೇ ಗೊತ್ತಾಗುತ್ತದೆ.